ತಪ್ಪು ಲೆಕ್ಕ ಹೇಳಿದ ಯಂತ್ರ: ‘ಮನುಷ್ಯರ ಹಾಗೆ ಬರೆ’ ಅನ್ನೋ ಮಾತಿನ 70 ವರ್ಷದ ಕಥೆ

ಇವತ್ತಿನ ಸಂಚಿಕೆ ಒಂದು ಕೂಡೋ ಲೆಕ್ಕದಿಂದ ಶುರು. ಫೋನ್ ಹೇಗೂ ಕೈಯಲ್ಲೇ ಇದೆ, ಕ್ಯಾಲ್ಕುಲೇಟರ್ ತೆಗೀರಿ. 34957ಕ್ಕೆ 70764 ಕೂಡಿಸಿ. 105721 ಬಂತಾ? ಸರಿ.

1950ರಲ್ಲಿ ಅಲನ್ ಟ್ಯೂರಿಂಗ್ ‘ಮೈಂಡ್’ ಅನ್ನೋ ತತ್ವಶಾಸ್ತ್ರದ ಪತ್ರಿಕೆಗೆ ಒಂದು ಲೇಖನ ಬರೆದರು. ಯಂತ್ರಕ್ಕೆ ಯೋಚನೆ ಮಾಡೋಕೆ ಬರುತ್ತಾ ಅನ್ನೋದು ಪ್ರಶ್ನೆ. ಅದನ್ನು ಅವರು ಒಂದು ಆಟವಾಗಿ ಬದಲಾಯಿಸಿದರು. ಗೋಡೆ ಆಚೆ ಒಬ್ಬ ಮನುಷ್ಯ, ಒಂದು ಯಂತ್ರ. ಈಚೆ ಕೂತವರು ಟೈಪ್ ಮಾಡಿದ ಉತ್ತರ ಮಾತ್ರ ಓದಿ, ಯಾವುದು ಯಾರು ಅಂತ ಹೇಳಬೇಕು. ಆ ಲೇಖನದಲ್ಲಿ ಒಂದು ಪುಟ್ಟ ಕಾಲ್ಪನಿಕ ಮಾತುಕತೆ ಇದೆ. ಅದರಲ್ಲಿ ನೀವು ಈಗ ಮಾಡಿದ ಲೆಕ್ಕವನ್ನೇ ಕೇಳ್ತಾರೆ. ಆ ಕಡೆಯಿಂದ ಸುಮಾರು 30 ಸೆಕೆಂಡ್ ಸದ್ದಿಲ್ಲ. ಆಮೇಲೆ ಬರೋ ಉತ್ತರ 105621. ನೂರು ಕಡಿಮೆ!

ಅಚ್ಚಿನ ತಪ್ಪು ಅಂದ್ಕೊಳ್ಳಬೇಡಿ. ಅದೇ ಲೇಖನದಲ್ಲಿ ಮುಂದೆ ಟ್ಯೂರಿಂಗ್ ಬಿಡಿಸಿಯೇ ಹೇಳ್ತಾರೆ: ಈ ಆಟಕ್ಕೆ ಅಂತ ತಯಾರಾದ ಯಂತ್ರ ಲೆಕ್ಕಕ್ಕೆ ಸರಿ ಉತ್ತರ ಕೊಡೋಕೆ ಹೋಗಲ್ಲ, ಕೇಳೋರಿಗೆ ಗೊಂದಲ ಆಗೋ ಹಾಗೆ ಬೇಕಂತಲೇ ತಪ್ಪು ಮಾಡುತ್ತೆ. ಅಂದ್ರೆ, ಯಂತ್ರ ಮನುಷ್ಯರ ಹಾಗೆ ಕಾಣಬೇಕು ಅನ್ನೋ ಆಸೆ ಹುಟ್ಟಿದ ದಿನವೇ ಅದಕ್ಕೆ ಕೊಟ್ಟ ಮೊದಲ ಪಾಠ, ನಿಧಾನ ಮಾಡು, ಸ್ವಲ್ಪ ತಪ್ಪು ಮಾಡು ಅಂತ.

ಇವತ್ತು ನಾವೂ ಅದನ್ನೇ ಮಾಡಿಸ್ತಿದ್ದೀವಿ. ಅಸೈನ್‌ಮೆಂಟೋ, ಕವರ್ ಲೆಟರೋ, ಮದುವೆ ವಿಶ್ ಮಾಡೋ ನಾಲ್ಕು ಸಾಲೋ, ಎಐ ಹತ್ರ ಬರೆಸಿಕೊಂಡು, ಕೊನೆಗೆ ಒಂದು ಬೇಡಿಕೆ ಇಡ್ತೀವಿ: ‘ಸ್ವಲ್ಪ ಮನುಷ್ಯರು ಬರೆದ ಹಾಗೆ ಮಾಡಿಕೊಡು’. ಅದೊಂದೇ ಕೆಲಸಕ್ಕೆ ‘ಹ್ಯೂಮನೈಸರ್’ ಅನ್ನೋ ಟೂಲ್‌ಗಳು ಬಂದಿವೆ. ಒಂದು ಎಐ ಬರೆದದ್ದನ್ನು ಇನ್ನೊಂದು ಎಐಗೆ ಹಾಕಿ ‘ಮನುಷ್ಯ’ ಮಾಡಿಸೋದು. ನನಗೆ ಇದರಲ್ಲಿ ಕಾಡೋ ಪ್ರಶ್ನೆ ಒಂದೇ. ಮನುಷ್ಯರ ಹಾಗೆ ಅಂದ್ರೆ, ಯಾವ ಮನುಷ್ಯರ ಹಾಗೆ? ಈ ಪ್ರಶ್ನೆ ಇಟ್ಕೊಂಡು ಒಂದು ಸುತ್ತು ಹಿಂದಕ್ಕೆ ಹೋಗಿ ಬರೋಣ.

ಮೊದಲ ನಿಲ್ದಾಣ ಮ್ಯಾಂಚೆಸ್ಟರ್, 1952. ಟ್ಯೂರಿಂಗ್ ಕೆಲಸ ಮಾಡ್ತಿದ್ದ ವಿಶ್ವವಿದ್ಯಾಲಯದಲ್ಲೇ ಫೆರಾಂಟಿ ಮಾರ್ಕ್ 1 ಅನ್ನೋ ದೈತ್ಯ ಕಂಪ್ಯೂಟರ್. ಅದರ ಮೇಲೆ ಕ್ರಿಸ್ಟೋಫರ್ ಸ್ಟ್ರೇಚಿ ಅನ್ನೋರು ಒಂದು ಪ್ರೋಗ್ರಾಂ ಬರೆದರು. ಯುದ್ಧದ ಲೆಕ್ಕಕ್ಕೂ ಅಲ್ಲ, ಹವಾಮಾನಕ್ಕೂ ಅಲ್ಲ. ಪ್ರೇಮಪತ್ರಕ್ಕೆ! ವಿಧಾನ ತುಂಬಾ ಸರಳ. ಎರಡು ಥರದ ವಾಕ್ಯದ ಅಚ್ಚು, ಸಮಾನಾರ್ಥಕ ಕೋಶದಿಂದ ಆರಿಸಿದ ಪ್ರೀತಿಯ ಪದಗಳ ಪಟ್ಟಿ, ಆಮೇಲೆ ಲಾಟರಿ ಎತ್ತಿದ ಹಾಗೆ ಒಂದೊಂದು ಪದ ಎತ್ತಿ ಅಚ್ಚಿಗೆ ತುಂಬೋದು. ಕನ್ನಡದಲ್ಲಿ ಊಹಿಸಿಕೊಳ್ಳಿ: ‘ನನ್ನ ____ ಹೃದಯ ನಿನ್ನ ____ ನೋಟಕ್ಕೆ ____ತ್ತಿದೆ’. ಖಾಲಿ ಜಾಗಕ್ಕೆ ಏನು ಹಾಕಿದರೂ ಒಂದು ಥರ ನಡೆಯುತ್ತೆ. ಕೆಲವು ಸಲ ನಗು ಬರುತ್ತೆ, ಅಷ್ಟೇ. ಪತ್ರದ ಕೆಳಗೆ ಸಹಿ ಎಂ.ಯು.ಸಿ., ಅಂದ್ರೆ ಮ್ಯಾಂಚೆಸ್ಟರ್ ಯೂನಿವರ್ಸಿಟಿ ಕಂಪ್ಯೂಟರ್. ಸಹಿ ಮಾತ್ರ ಪ್ರಾಮಾಣಿಕವಾಗಿತ್ತು ನೋಡಿ! ಸ್ಟ್ರೇಚಿ ಇದರ ಬಗ್ಗೆ 1954ರಲ್ಲಿ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಬರೆದರು. ಪ್ರೇಮಪತ್ರವನ್ನು ಆರಿಸಿದ್ದು ಜಾಣತನ ಅಂತ ನನಗನ್ನಿಸುತ್ತೆ. ಆ ಕಾಲದ ಪ್ರೇಮಪತ್ರದಲ್ಲಿ ಅರ್ಧ ಪಾಲು ಅಚ್ಚಿನ ಮಾತೇ ಇರ್ತಿತ್ತು. ಯಂತ್ರ ಮನುಷ್ಯರ ಮಟ್ಟಕ್ಕೆ ಏರೋದೇ ಬೇಕಿರಲಿಲ್ಲ, ಮನುಷ್ಯರು ಆಗಲೇ ಯಂತ್ರದ ಹಾಗೆ ಬರೀತಿದ್ದ ಜಾಗ ಹುಡುಕಿದರೆ ಸಾಕಾಗಿತ್ತು.

ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಅಮೆರಿಕಕ್ಕೆ ಹೋಗೋಣ, ಎಂಐಟಿಗೆ. ಜೋಸೆಫ್ ವೈಜನ್‌ಬಾಮ್. ಬರ್ಲಿನ್‌ನಲ್ಲಿ ಹುಟ್ಟಿದ ಯೆಹೂದಿ. 1936ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ನಾಜಿಗಳಿಂದ ತಪ್ಪಿಸಿಕೊಂಡು ಮನೆಯವರ ಜೊತೆ ಅಮೆರಿಕಕ್ಕೆ ಬಂದವರು. ಇವರು 1966ರಲ್ಲಿ ‘ಎಲೈಜಾ’ ಅನ್ನೋ ಪ್ರೋಗ್ರಾಂ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹೆಸರು ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕದಿಂದ ಬಂದದ್ದು. ಅದರಲ್ಲಿ ಹೂ ಮಾರೋ ಹುಡುಗಿಗೆ ದೊಡ್ಡ ಮನೆತನದವರ ಹಾಗೆ ಮಾತಾಡೋಕೆ ಕಲಿಸ್ತಾರಲ್ಲ, ಆ ಎಲೈಜಾ.

ಎಲೈಜಾದ ಪ್ರಸಿದ್ಧ ಅವತಾರ ‘ಡಾಕ್ಟರ್’. ನೀವು ರೋಗಿ, ಅದು ಮನೋವೈದ್ಯ. ಒಳಗಿನ ಕೆಲಸ ಇಷ್ಟೇ. ನೀವು ಟೈಪ್ ಮಾಡಿದ್ದರಲ್ಲಿ ಒಂದು ಮುಖ್ಯ ಪದ ಹುಡುಕು. ‘ನನ್ನ’ ಇದ್ದರೆ ‘ನಿಮ್ಮ’ ಮಾಡು. ತಿರುಗಿಸಿ ಪ್ರಶ್ನೆಯಾಗಿ ವಾಪಸ್ ಕೊಡು. ನೀವು ‘ನನ್ನ ಅಪ್ಪ ನನ್ನ ಮಾತು ಕೇಳಲ್ಲ’ ಅಂದ್ರೆ, ಅದು ‘ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಅನ್ನುತ್ತೆ. ಏನೂ ಸಿಗದಿದ್ದರೆ, ‘ಮುಂದುವರಿಸಿ’. ಮನೋವೈದ್ಯರ ವೇಷ ಯಾಕೆ ಅಂತ ವೈಜನ್‌ಬಾಮ್ ಅವರೇ ವಿವರಿಸಿದ್ದಾರೆ: ಪ್ರಪಂಚದ ಬಗ್ಗೆ ಏನೂ ಗೊತ್ತಿಲ್ಲದ ಹಾಗೆ ಮಾತಾಡಿದರೂ ಅನುಮಾನ ಬರದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು!

ಅದರಲ್ಲಿ ಇನ್ನೊಂದು ಪುಟ್ಟ ತಂತ್ರ ಇತ್ತು, ನನಗೆ ತುಂಬಾ ಇಷ್ಟವಾದದ್ದು. ನೀವು ‘ನನ್ನ’ ಅಂತ ಹೇಳಿದ ಕೆಲವು ಮಾತನ್ನು ಅದು ಪಕ್ಕಕ್ಕೆ ಎತ್ತಿಟ್ಟುಕೊಳ್ಳುತ್ತೆ. ಆಮೇಲೆ ಯಾವಾಗಲೋ, ಹೇಳೋಕೆ ಏನೂ ತೋಚದಿದ್ದಾಗ, ಅದನ್ನು ತೆಗೆದು ‘ಇದಕ್ಕೂ ನೀವು ಆಗ ಅಪ್ಪನ ಬಗ್ಗೆ ಹೇಳಿದ್ದಕ್ಕೂ ಏನಾದ್ರೂ ಸಂಬಂಧ ಇದೆಯಾ?’ ಅನ್ನೋ ಥರ ಕೇಳುತ್ತೆ. ಎದುರಿಗೆ ಕೂತವರಿಗೆ ಹೇಗನ್ನಿಸಬೇಡ? ಅಬ್ಬಾ, ನಾನು ಹೇಳಿದ್ದು ನೆನಪಿಟ್ಟುಕೊಂಡಿದೆ! ಅಲ್ಲಿ ಅರ್ಥ ಮಾಡಿಕೊಂಡವರು ಯಾರೂ ಇಲ್ಲ. ಒಂದು ಸಾಲು ಕ್ಯೂನಲ್ಲಿ ನಿಂತಿತ್ತು, ಅದರ ಸರದಿ ಬಂತು.

ವೈಜನ್‌ಬಾಮ್ ಅವರ ಸೆಕ್ರೆಟರಿ ಅವರು ಈ ಪ್ರೋಗ್ರಾಂ ಮೇಲೆ ತಿಂಗಳುಗಟ್ಟಲೆ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿದ್ದವರು. ಅದು ಬರೀ ಪ್ರೋಗ್ರಾಂ ಅಂತ ಚೆನ್ನಾಗೇ ಗೊತ್ತಿತ್ತು. ಆದರೂ ಎಲೈಜಾ ಜೊತೆ ಕೆಲವು ಮಾತಾಡಿದ ಮೇಲೆ ಅವರು ವೈಜನ್‌ಬಾಮ್‌ಗೆ, ‘ಸ್ವಲ್ಪ ಹೊರಗೆ ಹೋಗ್ತೀರಾ’ ಅಂತ ಕೇಳಿದರಂತೆ. ಏಕಾಂತ ಬೇಕಿತ್ತು! ಇತ್ತ ಕೆಲವು ಮನೋವೈದ್ಯರು, ಮುಂದೆ ಚಿಕಿತ್ಸೆಯನ್ನೇ ಹೀಗೆ ಕೊಡಬಹುದು ಅಂತ ಗಂಭೀರವಾಗಿ ಬರೆಯೋಕೆ ಶುರು ಮಾಡಿದರು. ವೈಜನ್‌ಬಾಮ್ ಬೆಚ್ಚಿಬಿದ್ದರು. 1976ರಲ್ಲಿ ‘ಕಂಪ್ಯೂಟರ್ ಪವರ್ ಆ್ಯಂಡ್ ಹ್ಯೂಮನ್ ರೀಸನ್’ ಅನ್ನೋ ಪುಸ್ತಕವನ್ನೇ ಬರೆದು, ಕೆಲವು ಕೆಲಸ ಯಂತ್ರಕ್ಕೆ ಮಾಡೋಕೆ ಬಂದರೂ ಅದರ ಕೈಗೆ ಕೊಡಬಾರದು ಅಂತ ವಾದಿಸಿದರು. ತಾನೇ ಮಾಡಿದ ಆಟಿಕೆಯ ವಿರುದ್ಧ ಉಳಿದ ಜೀವನವೆಲ್ಲ ಮಾತಾಡಿದ ಮನುಷ್ಯ. ನನ್ನ ಪ್ರಕಾರ, ಎಐ ಬಗ್ಗೆ ಮಾತಾಡೋ ಯಾರಾದರೂ ಒಬ್ಬರನ್ನೇ ಓದಬೇಕು ಅಂದ್ರೆ ಇವರನ್ನು ಓದಬೇಕು.

ಎಲೈಜಾ ಗೆದ್ದದ್ದು ಒಳ್ಳೆ ವೇಷದಿಂದ. ಆಮೇಲೆ ಬಂದವರೆಲ್ಲ ಇದನ್ನು ಗಮನಿಸಿದರು. 1972ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೆನೆತ್ ಕೋಲ್ಬಿ ‘ಪ್ಯಾರಿ’ ಮಾಡಿದರು. ಇದು ವೈದ್ಯ ಅಲ್ಲ, ಎಲ್ಲದಕ್ಕೂ ಸಂಶಯ ಪಡೋ ರೋಗಿ. ಪ್ರಶ್ನೆ ಅರ್ಥವಾಗದಿದ್ದರೆ ಸಿಟ್ಟಾಗುತ್ತೆ, ಮಾತು ತಪ್ಪಿಸುತ್ತೆ. ಮಾತುಕತೆಯ ದಾಖಲೆ ಓದಿದ ಮನೋವೈದ್ಯರು ರೋಗಿ ಯಾರು, ಯಂತ್ರ ಯಾವುದು ಅಂತ ಹೇಳೋದರಲ್ಲಿ ನಾಣ್ಯ ಚಿಮ್ಮಿದಷ್ಟೇ ಸರಿ ಇದ್ದರು. 2014ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ‘ಯುಜೀನ್ ಗೂಸ್ಟ್‌ಮನ್’ ಅನ್ನೋ ಚಾಟ್‌ಬಾಟ್ 30 ಜಡ್ಜ್‌ಗಳಲ್ಲಿ 10 ಜನರನ್ನು ನಂಬಿಸಿತು. ‘ಟ್ಯೂರಿಂಗ್ ಟೆಸ್ಟ್ ಪಾಸ್’ ಅಂತ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ವೇಷ ಏನು ಗೊತ್ತಾ? ಯುಕ್ರೇನಿನ ಒಡೆಸ್ಸಾದ 13 ವರ್ಷದ ಹುಡುಗ, ಇಂಗ್ಲಿಷ್ ಅವನ ಮಾತೃಭಾಷೆ ಅಲ್ಲ. ತಪ್ಪು ಮಾಡಿದರೆ, ಪಾಪ ಚಿಕ್ಕ ಹುಡುಗ. ಇಂಗ್ಲಿಷ್ ಸೊಟ್ಟ ಇದ್ದರೆ, ಪಾಪ ಹೊರದೇಶದವನು. ಜಡ್ಜ್‌ಗಳ ಕರುಣೆಯಲ್ಲೇ ಪಾಸಾದ.

ಇವೆರಡರ ನಡುವೆ 1991ರಲ್ಲಿ ಒಂದು ಘಟನೆ ನಡೆಯಿತು. ಈ ಇಡೀ ಸಂಚಿಕೆ ನಾನು ಮಾಡಿದ್ದೇ ಅದಕ್ಕೋಸ್ಕರ ಅನ್ನಬಹುದು. ಬಾಸ್ಟನ್‌ನ ಕಂಪ್ಯೂಟರ್ ಮ್ಯೂಸಿಯಂ. ಮೊದಲ ಲೋಬ್ನರ್ ಪ್ರೈಜ್ ಸ್ಪರ್ಧೆ. ಟ್ಯೂರಿಂಗ್ ಆಟವನ್ನು ನಿಜವಾಗಿ ಆಡೋದು. ಗೆದ್ದದ್ದು ಒಂದು ಹರಟೆಮಲ್ಲ ಪ್ರೋಗ್ರಾಂ, 10 ಜಡ್ಜ್‌ಗಳಲ್ಲಿ ಐವರು ಅದನ್ನು ಮನುಷ್ಯ ಅಂದರು. ಅದು ನಂಬಿಸಿದ್ದಕ್ಕೆ ಒಂದು ಕಾರಣ ಟೈಪಿಂಗ್ ತಪ್ಪು. ಮನುಷ್ಯರು ತಡವರಿಸಿ ಟೈಪ್ ಮಾಡೋ ಹಾಗೆ ನಟಿಸುತ್ತಿತ್ತು. ಟ್ಯೂರಿಂಗ್ ಅವರ ಹಳೇ ಉಪಾಯವೇ.

ಅದೇ ದಿನ ಅತ್ತ ಕಡೆ ನಿಜವಾದ ಮನುಷ್ಯರೂ ಕೂತಿದ್ದರು. ಅವರಲ್ಲಿ ಒಬ್ಬ ಮಹಿಳೆಗೆ ಕೊಟ್ಟ ವಿಷಯ ಶೇಕ್ಸ್‌ಪಿಯರ್. ಆಕೆಗೆ ಶೇಕ್ಸ್‌ಪಿಯರ್ ಅಂದ್ರೆ ಪ್ರಾಣ, ನಾಟಕಗಳೆಲ್ಲ ಚೆನ್ನಾಗಿ ಗೊತ್ತು. ಕೇಳಿದ್ದಕ್ಕೆಲ್ಲ ನಿಖರವಾಗಿ ಉತ್ತರ ಕೊಟ್ಟರು. ಮೂವರು ಜಡ್ಜ್‌ಗಳು ಆಕೆಯನ್ನು ಕಂಪ್ಯೂಟರ್ ಅಂತ ಬರೆದರು. ಯಾಕೆ? ಶೇಕ್ಸ್‌ಪಿಯರ್ ಬಗ್ಗೆ ಅಷ್ಟೊಂದು ಯಾವ ಮನುಷ್ಯರಿಗೂ ಗೊತ್ತಿರಲ್ಲ ಅಂತ!

ಯೋಚನೆ ಮಾಡಿ. ಹರಟೆ ಹೊಡೆದು, ತಪ್ಪು ಟೈಪ್ ಮಾಡಿದ ಪ್ರೋಗ್ರಾಂ ಮನುಷ್ಯ. ಪ್ರೀತಿಯಿಂದ ಓದಿ ತಿಳಿದುಕೊಂಡ ಮನುಷ್ಯಳು ಯಂತ್ರ.

ಇಲ್ಲಿಂದ ದಾರಿ ಬದಲಾಗುತ್ತೆ. ಎಲೈಜಾದ ಮೊಮ್ಮಕ್ಕಳಿಗೂ ಚಾಟ್‌ಜಿಪಿಟಿಗೂ ರಕ್ತಸಂಬಂಧ ಕಡಿಮೆ. ಚಾಟ್‌ಜಿಪಿಟಿಯ ಅಜ್ಜ ಬೇರೆ. 1913ರಲ್ಲಿ ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೊವ್, ಪುಷ್ಕಿನ್ ಕಾವ್ಯ ‘ಯೆವ್‌ಗೆನಿ ಒನೇಗಿನ್’ನ 20,000 ಅಕ್ಷರಗಳಲ್ಲಿ ಸ್ವರದ ನಂತರ ಏನು ಬರುತ್ತೆ, ವ್ಯಂಜನದ ನಂತರ ಏನು ಬರುತ್ತೆ ಅಂತ ಎಣಿಸಿದರು. 1948ರಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶ್ಯಾನನ್ ಅದನ್ನು ಇಂಗ್ಲಿಷ್‌ಗೆ ತಂದರು. ಅವರ ವಿಧಾನ ನೀವೂ ಮನೇಲಿ ಮಾಡಬಹುದು. ಯಾವುದಾದರೂ ಕಾದಂಬರಿ ತೆಗೆದು ಒಂದು ಪದ ಆರಿಸಿ. ಇನ್ನೊಂದು ಪುಟ ತೆಗೆದು ಅದೇ ಪದ ಸಿಗೋವರೆಗೆ ಓದಿ, ಅದರ ಮುಂದಿನ ಪದ ಬರೆದುಕೊಳ್ಳಿ. ಮತ್ತೆ ಇನ್ನೊಂದು ಪುಟ. ಹೀಗೇ ಕಟ್ಟಿದರೆ ಅರ್ಥವಿಲ್ಲದ, ಆದರೆ ಇಂಗ್ಲಿಷ್ ಥರವೇ ಕೇಳಿಸೋ ಸಾಲು ಬರುತ್ತೆ. ಕನ್ನಡದಲ್ಲಿ ಮಾಡೋಕೆ ಹೋದರೆ ಸುಸ್ತಾಗ್ತೀರಿ, ಮೊದಲೇ ಹೇಳ್ತೀನಿ. ನಮ್ಮಲ್ಲಿ ‘ಮನೆಯಲ್ಲಿದ್ದವರಿಗೂ’ ಅನ್ನೋದು ಒಂದೇ ಪದ. ಅದು ಇನ್ನೊಂದು ಪುಟದಲ್ಲಿ ಸಿಗಬೇಕಲ್ಲ!

ಇವತ್ತಿನ ಎಐ ಇದನ್ನೇ ಊಹೆಗೂ ಮೀರಿದ ಪ್ರಮಾಣದಲ್ಲಿ ಮಾಡುತ್ತೆ. ಇಲ್ಲಿವರೆಗೆ ಏನೇನು ಬಂದಿದೆ ನೋಡಿ, ಮುಂದೆ ಯಾವುದು ಬರಬಹುದು ಅಂತ ಅಂದಾಜು ಮಾಡು. ಅದರ ಮೇಲೆ ಇನ್ನೊಂದು ಪದರ ಇದೆ. 2022ರಲ್ಲಿ ಓಪನ್‌ಎಐ ‘ಇನ್‌ಸ್ಟ್ರಕ್ಟ್‌ಜಿಪಿಟಿ’ ಬಗ್ಗೆ ಬರೆದ ಪ್ರಬಂಧದಲ್ಲಿ ಇದು ವಿವರವಾಗಿದೆ. ಸುಮಾರು 40 ಜನರನ್ನು ಗುತ್ತಿಗೆ ಮೇಲೆ ತಗೊಂಡು, ಯಂತ್ರ ಕೊಟ್ಟ ಬೇರೆ ಬೇರೆ ಉತ್ತರಗಳಲ್ಲಿ ಯಾವುದು ಮೇಲು, ಯಾವುದು ಕೀಳು ಅಂತ ಸಾಲಾಗಿ ಜೋಡಿಸಿಸಿದರು. ಆ ರುಚಿಯನ್ನು ಯಂತ್ರಕ್ಕೆ ಕಲಿಸಿದರು. ಎಐ ಬರವಣಿಗೆಯ ಆ ಸಭ್ಯ, ಸಮತೂಕದ, ಯಾರ ಮನಸ್ಸಿಗೂ ನೋವಾಗದ ಧಾಟಿ ಇದೆಯಲ್ಲ, ಅದರಲ್ಲಿ ಇಂಥ ತರಬೇತಿಯ ಪಾಲು ದೊಡ್ಡದು. ಅದೂ ಮನುಷ್ಯರದ್ದೇ ಆಯ್ಕೆ. ತಮಾಷೆ ಏನಂದ್ರೆ, ನಾವು ಮೆಚ್ಚಿ ಮೆಚ್ಚಿ ಕಲಿಸಿದ ಧಾಟಿಯನ್ನೇ ಈಗ ನೋಡಿ ‘ಇದು ಮನುಷ್ಯರು ಬರೆದದ್ದಲ್ಲ’ ಅಂತೀವಿ.

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಕಾಲೇಜುಗಳಲ್ಲಿ ಗಾಬರಿ. ಎಐ ಬರೆದದ್ದನ್ನು ಹಿಡಿಯೋ ಡಿಟೆಕ್ಟರ್‌ಗಳು ಬಂದವು. ಓಪನ್‌ಎಐ ಕೂಡ 2023ರ ಜನವರಿಯಲ್ಲಿ ಒಂದು ಬಿಟ್ಟಿತು. ಅವರದೇ ಲೆಕ್ಕದ ಪ್ರಕಾರ ಅದು ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು, ಮನುಷ್ಯರ ಬರಹದಲ್ಲಿ ಶೇ 9ರಷ್ಟನ್ನು ಎಐ ಅನ್ನುತ್ತಿತ್ತು. ಜುಲೈನಲ್ಲಿ ಸದ್ದಿಲ್ಲದೆ ವಾಪಸ್ ತಗೊಂಡರು.

ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಡಿಟೆಕ್ಟರ್‌ಗಳನ್ನು ಪರೀಕ್ಷೆಗೆ ಹಚ್ಚಿದರು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳನ್ನು ಕೊಟ್ಟರೆ ಹೆಚ್ಚುಕಡಿಮೆ ಎಲ್ಲವನ್ನೂ ಮನುಷ್ಯರದ್ದು ಅಂತ ಸರಿಯಾಗಿ ಹೇಳಿದವು. ಆಮೇಲೆ ಟೋಫೆಲ್ ಪರೀಕ್ಷೆಯ 91 ಪ್ರಬಂಧ ಕೊಟ್ಟರು. ಟೋಫೆಲ್ ಯಾರು ಬರೀತಾರೆ? ಇಂಗ್ಲಿಷ್ ಮಾತೃಭಾಷೆ ಅಲ್ಲದವರು. ಸರಾಸರಿ ಶೇ 61ರಷ್ಟು ಪ್ರಬಂಧ ‘ಎಐ’ ಅಂತ ಬಂತು. ಎಲ್ಲವೂ ಕೈಯಾರೆ ಬರೆದದ್ದು! ಕಾರಣ ಹೀಗಿದೆ. ಈ ಡಿಟೆಕ್ಟರ್‌ಗಳು ಮುಖ್ಯವಾಗಿ ನೋಡೋದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನೋದನ್ನು. ಕಲಿತ ಭಾಷೆಯಲ್ಲಿ ಬರೆಯೋರು ತಪ್ಪಾಗಬಾರದು ಅಂತ ಗೊತ್ತಿರೋ ಪದಗಳನ್ನೇ, ಗೊತ್ತಿರೋ ವಾಕ್ಯಗಳನ್ನೇ ಬಳಸ್ತಾರೆ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿ ಪಿಯುಸಿಗೆ ಇಂಗ್ಲಿಷ್ ಮೀಡಿಯಂ ಸೇರಿದವರಿಗೆ ಇದು ಹೇಗೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹುಷಾರಾಗಿ ಬರೆದದ್ದೇ ಅಪರಾಧ ಆಯ್ತು.

ಇನ್ನೂ ಕೇಳಿ. ಸಂಶೋಧಕರು ಅದೇ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಇಂಗ್ಲಿಷ್ ಮಾತೃಭಾಷೆಯವರು ಬರೆದ ಹಾಗೆ ಪದಗಳನ್ನು ಚೆಂದ ಮಾಡು ಅಂದರು. ಶೇ 61 ಇದ್ದದ್ದು ಸುಮಾರು 12ಕ್ಕೆ ಇಳೀತು. ತಾನು ಮನುಷ್ಯ ಅಂತ ಸಾಬೀತು ಮಾಡೋಕೆ ಮನುಷ್ಯ ಯಂತ್ರದ ಸಹಾಯ ತಗೋಬೇಕಾಯ್ತು. ಬಾಸ್ಟನ್‌ನ ಆ ಶೇಕ್ಸ್‌ಪಿಯರ್ ಅಭಿಮಾನಿ ನೆನಪಾಗ್ತಾರಾ?

2024ರ ಏಪ್ರಿಲ್‌ನಲ್ಲಿ ಇದರ ಇನ್ನೊಂದು ರೂಪ ಕಂಡಿತು. ಸಿಲಿಕಾನ್ ವ್ಯಾಲಿಯ ಹೂಡಿಕೆದಾರ ಪಾಲ್ ಗ್ರಹಾಂ, ತನಗೆ ಬಂದ ಇಮೇಲ್ ಒಂದರಲ್ಲಿ ‘ಡೆಲ್ವ್’ ಅನ್ನೋ ಪದ ಇತ್ತು ಅಂತ ಟ್ವೀಟ್ ಮಾಡಿದರು. ಇದು ಎಐ ಪದ ಅನ್ನೋ ಧ್ವನಿ. ನೈಜೀರಿಯಾದವರು ಮುಗಿಬಿದ್ದರು: ನಾವು ಶಾಲೆಯಿಂದಲೇ ಈ ಪದ ಬಳಸ್ತೀವಿ, ನಮ್ಮ ಇಂಗ್ಲಿಷ್ ಹೀಗೇ ಇರೋದು ಅಂತ. ಎರಡೂ ಕಡೆ ಸ್ವಲ್ಪ ಸತ್ಯ ಇತ್ತು ಅನ್ನಿ. ವೈದ್ಯವಿಜ್ಞಾನದ 1.5 ಕೋಟಿ ಪ್ರಬಂಧ ಸಾರಾಂಶಗಳನ್ನು ಪದ ಪದವಾಗಿ ಎಣಿಸಿದ ಒಂದು ಅಧ್ಯಯನದಲ್ಲಿ, ಚಾಟ್‌ಜಿಪಿಟಿ ಬಂದ ಮೇಲೆ ಆ ಪದದ ಬಳಕೆ ಜಿಗಿದದ್ದು ನಿಜ. ಅದರ ಪ್ರಕಾರ 2024ರ ಸಾರಾಂಶಗಳಲ್ಲಿ ಕನಿಷ್ಠ ಶೇ 13.5ರಷ್ಟಕ್ಕೆ ಎಐ ಕೈ ತಾಗಿದೆ. ಆದರೆ ಲಕ್ಷಾಂತರ ಬರಹದ ಲೆಕ್ಕದಿಂದ ಒಬ್ಬರ ಒಂದು ಇಮೇಲ್‌ಗೆ ತೀರ್ಪು ಕೊಡೋಕಾಗಲ್ಲ.

ಹಾಗಾದ್ರೆ ಕನ್ನಡ? ಎಐ ಕನ್ನಡ ನಿಮಗೆ ಕೇಳಿದ ತಕ್ಷಣ ಗೊತ್ತಾಗುತ್ತೆ. ರಾಗಿಮುದ್ದೆ ಬಗ್ಗೆ ಬರೀ ಅಂದ್ರೆ ‘ಇದು ಕೇವಲ ಒಂದು ಆಹಾರವಲ್ಲ, ಇದು ಒಂದು ಭಾವನೆ’ ಅನ್ನುತ್ತೆ. ಇಂಗ್ಲಿಷ್‌ನ ‘ಎ’ಗೆ ಬದಲಾಗಿ ಎಲ್ಲೆಲ್ಲೂ ‘ಒಂದು’. ‘ಮಾಡಿದ್ದಾರೆ’ ಸಾಕಾಗೋ ಕಡೆ ‘ಮಾಡಲ್ಪಟ್ಟಿದೆ’. ಕಲಿತ ಸಾಮಗ್ರಿಯಲ್ಲಿ ಇಂಗ್ಲಿಷ್ ರಾಶಿ ರಾಶಿ, ಕನ್ನಡ ಹಿಡಿಯಷ್ಟು. ಹಾಗಾಗಿ ಇಂಗ್ಲಿಷ್ ಮೂಳೆಗೆ ಕನ್ನಡ ಚರ್ಮ. ಹಾಗಂತ ಇಂಥ ಕನ್ನಡ ಎಐ ತಂದದ್ದು ಅಂತ ಬೈಬೇಡಿ. ‘ಮಾಡಲ್ಪಟ್ಟಿದೆ’ ಸರ್ಕಾರಿ ಸುತ್ತೋಲೆಗಳಲ್ಲಿ, ಅನುವಾದದ ಪಠ್ಯಪುಸ್ತಕಗಳಲ್ಲಿ ಮೊದಲಿಂದಲೂ ಇದೆ. ಸ್ಟ್ರೇಚಿಯ ಪ್ರೇಮಪತ್ರದ ಕಥೆಯೇ ಇದು. ನಾವು ಆಗಲೇ ಯಂತ್ರದ ಹಾಗೆ ಬರೀತಿದ್ದ ಜಾಗಕ್ಕೆ ಯಂತ್ರ ಬಂದು ಕೂತಿದೆ.

ಇದಕ್ಕೆ ಪೂರ್ತಿ ಉಲ್ಟಾ ಯೋಚನೆ ಮಾಡಿದ ಒಂದು ಪ್ರಯತ್ನ ನಮ್ಮ ದೇಶದಲ್ಲೇ ನಡೆದಿತ್ತು, ಅದರಲ್ಲಿ ಕನ್ನಡಕ್ಕೂ ಪಾಲಿದೆ. ಹೆಸರು ‘ಅನುಸಾರಕ’. ಐಐಟಿ ಕಾನ್ಪುರದಲ್ಲಿ ಶುರುವಾಗಿ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಹೋದ ಕೆಲಸ. ಹಿಂದೆ ಇದ್ದವರಲ್ಲಿ ಮುಖ್ಯರು ವಿನೀತ್ ಚೈತನ್ಯ, ರಾಜೀವ್ ಸಂಗಲ್. ಪಾಣಿನಿಯ ವ್ಯಾಕರಣದ ದಾರಿ ಹಿಡಿದು ಕನ್ನಡ, ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳಿಂದ ಹಿಂದಿಗೆ ದಾಟಿಸೋ ಯಂತ್ರ.

ಅದರ ತೊಡಕು ಒಂದು ಹೇಳ್ತೀನಿ. ನಾವು ‘ಊಟ ಮಾಡಿದ ಹುಡುಗ’ ಅಂತೀವಿ, ‘ಊಟ ಮಾಡಿದ ತಟ್ಟೆ’ ಅಂತೀವಿ, ‘ಊಟ ಮಾಡಿದ ಮನೆ’ ಅಂತೀವಿ. ಮೂರರಲ್ಲೂ ‘ಊಟ ಮಾಡಿದ’ ಒಂದೇ. ಹುಡುಗ ಉಂಡವನು, ತಟ್ಟೆ ಉಂಡದ್ದಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿಯಲ್ಲಿ ಹಾಗಲ್ಲ, ‘ಜಿಸ್‌ನೇ’, ‘ಜಿಸ್‌ಮೇ’, ‘ಜಹಾಂ’ ಅಂತ ಬಿಡಿಸಿ ಹೇಳಬೇಕು. ಯಂತ್ರಕ್ಕೆ ಗೊತ್ತಿಲ್ಲ. ಇವತ್ತಿನ ಎಐ ಆಗಿದ್ದರೆ ಊಹೆ ಮಾಡಿ, ನುಣ್ಣಗೆ ಒಂದು ವಾಕ್ಯ ಕೊಡ್ತಿತ್ತು. ಸರಿಯೋ ತಪ್ಪೋ ಓದುಗರಿಗೆ ಸುಳಿವೂ ಸಿಗ್ತಿರಲಿಲ್ಲ. ಅನುಸಾರಕದವರು ‘ಜೋ’ ಅಂತ ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರು. ಇಲ್ಲಿ ಸಂಬಂಧ ಏನು ಅಂತ ನೀವೇ ನೋಡಿಕೊಳ್ಳಿ ಅಂತ ಅದರರ್ಥ. ಹೊರಬರ್ತಿದ್ದ ಹಿಂದಿ ಸೊಟ್ಟ, ವ್ಯಾಕರಣಕ್ಕೆ ಕೂರಲ್ಲ, ಓದೋಕೆ ಸ್ವಲ್ಪ ಅಭ್ಯಾಸ ಬೇಕು. ಅವರಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಆರಿಸಿಕೊಂಡರು. ಮೂಲದಲ್ಲಿ ಇದ್ದದ್ದು ದಾರಿಯಲ್ಲಿ ಕಳೆದುಹೋಗಬಾರದು ಅನ್ನೋದು ಅವರ ಹಟ.

ಮಾರುಕಟ್ಟೆಯಲ್ಲಿ ಗೆದ್ದದ್ದು ನುಣುಪು. ಅದರಲ್ಲಿ ಆಶ್ಚರ್ಯವೇನಿಲ್ಲ, ನಾನೂ ಫೋನ್‌ನಲ್ಲಿ ನುಣ್ಣಗಿರೋದನ್ನೇ ಓದ್ತೀನಿ. ಆದರೆ ಆಸ್ಪತ್ರೆಯ ರಿಪೋರ್ಟೋ, ಜಮೀನಿನ ಕಾಗದವೋ ಅನುವಾದವಾಗಿ ಬಂದಾಗ ಆ ನಕ್ಷತ್ರ ಚಿಹ್ನೆ ಇರಬೇಕಿತ್ತು ಅನ್ನಿಸುತ್ತೆ.

ಸರಿ, ಹೋಗೋ ಮುಂಚೆ ಒಂದು ಸಣ್ಣ ಕೆಲಸ. ‘ಎಲ್ಲಿಗೆ ಹೋಗ್ತಾ ಇದ್ದೀಯಾ?’ ಅನ್ನೋದನ್ನು ಸಹಜವಾದ ಕನ್ನಡದಲ್ಲಿ ಬರೀ ಅಂತ ನಿಮ್ಮ ಎಐಗೆ ಹೇಳಿ. ಬಹುಶಃ ಬೆಂಗಳೂರು–ಮೈಸೂರಿನ ಸಾಲೇ ಬರುತ್ತೆ. ಧಾರವಾಡದಲ್ಲಿ ‘ಎಲ್ಲಿ ಹೊಂಟಿ?’ ಅಂತಾರೆ. ಮಂಗಳೂರಲ್ಲಿ ‘ಎಲ್ಲಿಗೆ ಹೋಗುವುದು ಮಾರಾಯ?’ ಅಂತಾರೆ. ಆಮೇಲೆ ಅದೇ ಮಾತನ್ನು ನಿಮ್ಮ ಅಜ್ಜಿ ಹತ್ರ ಹೇಳಿಸಿ, ಕೇಳಿಸಿಕೊಳ್ಳಿ. ಎರಡನ್ನೂ ಕಾಮೆಂಟ್‌ನಲ್ಲಿ ಹಾಕಿ, ಊರಿನ ಹೆಸರು ಮರೀಬೇಡಿ.